ಎರಡು ವರ್ಷದ ಮಗುವಿನ ಜೊತೆ ನಾಗಸಂದ್ರದ ಐಕಿಯಾ: ಹೋಗಿ, ಆದರೆ ಎರಡೇ ಗಂಟೆ

ನಡೆಯಲು ಕಲಿತ, ಆದರೆ ಹೇಳಿದ ಮಾತು ಕೇಳಲು ಇನ್ನೂ ಕಲಿಯದ ಮಗುವನ್ನು ಕರೆದುಕೊಂಡು ಅಷ್ಟು ದೊಡ್ಡ ಫರ್ನಿಚರ್ ಅಂಗಡಿಗೆ ಹೋಗಬಹುದೇ? ಮಗುವಿಗೇ ಬೇಕಾದ ಸಾಮಾನು ಕೊಳ್ಳುವುದಿದ್ದರೆ ಖಂಡಿತ ಹೋಗಿ. ಸೋಫಾ, ವಾರ್ಡ್‌ರೋಬ್, ಅಡುಗೆಮನೆಯ ಕಪಾಟು ನೋಡುವುದಿದ್ದರೆ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗಿ. ಪುಟ್ಟ ಕುರ್ಚಿ, ತೊಟ್ಟಿಲಮಂಚ, ಬಚ್ಚಲಿನ ಮೆಟ್ಟಿಲು, ಮಗು ಶೌಚಕ್ಕೆ ಕೂರುವ ಪಾಟಿ, ಇವುಗಳ ಅಳತೆ ಸರಿಯೋ ತಪ್ಪೋ ಎಂಬುದು ಮಗು ಅದರ ಮೇಲೆ ಕೂತಾಗಲೇ ತಿಳಿಯುವುದು. ಆ ಒಂದು ಕೆಲಸಕ್ಕೆ ಐಕಿಯಾದಷ್ಟು ಅನುಕೂಲವಾದ ಜಾಗ ಬೆಂಗಳೂರಿನಲ್ಲಿ ಕಡಿಮೆ. ಉಳಿದೆಲ್ಲದಕ್ಕೂ ಅದು ಮಗುವಿಗೆ ವಿಪರೀತ ಉದ್ದದ ದಾರಿ.

ಈ ಮಳಿಗೆ ತೆರೆದದ್ದು 2022ರ ಜೂನ್ 22ರಂದು. ಹೈದರಾಬಾದ್ ಮತ್ತು ನವಿ ಮುಂಬೈ ನಂತರ ಭಾರತದಲ್ಲಿ ಐಕಿಯಾ ಕಟ್ಟಿದ ದೊಡ್ಡ ಮಳಿಗೆ ಇದು. ಜಾಗ 12.2 ಎಕರೆ, ಕಟ್ಟಡ ಸುಮಾರು 4.6 ಲಕ್ಷ ಚದರ ಅಡಿ. ಐಕಿಯಾದ ಇಂಥ ದೊಡ್ಡ ಮಳಿಗೆಗಳ ರಚನೆ ಹೆಚ್ಚುಕಡಿಮೆ ಒಂದೇ ತರಹ. ಮೊದಲು ಸಜ್ಜಾದ ಮಾದರಿ ಕೋಣೆಗಳ ಶೋರೂಮ್, ಆಮೇಲೆ ಪಾತ್ರೆ, ದೀಪ, ಬಟ್ಟೆ, ಗಿಡಗಳ ಮಾರ್ಕೆಟ್, ಅದಾದ ಮೇಲೆ ಪೆಟ್ಟಿಗೆಗಳನ್ನು ನೀವೇ ಎತ್ತಿಕೊಳ್ಳುವ ಗೋದಾಮು, ಕೊನೆಗೆ ಬಿಲ್ಲಿನ ಕೌಂಟರ್. ನೆಲದ ಮೇಲಿನ ಬಾಣದ ಗುರುತು ಹಿಡಿದು ನಡೆದರೆ ಒಂದು ವಿಭಾಗವೂ ತಪ್ಪುವುದಿಲ್ಲ, ಮಗುವಿನ ಜೊತೆ ಹೋದವರಿಗೆ ಇದೇ ತೊಂದರೆ. ಹೈದರಾಬಾದಿನಲ್ಲೋ ನವಿ ಮುಂಬೈಯಲ್ಲೋ ಇರುವ ಕನ್ನಡಿಗರಿಗೂ ಕೆಳಗಿನ ಮಾತುಗಳಲ್ಲಿ ಬಹುಪಾಲು ಹಾಗೇ ಹೊಂದುತ್ತವೆ. ಮೆಟ್ರೋ ವಿಷಯ ಮಾತ್ರ ಬೆಂಗಳೂರಿನದು.

ಮೆಟ್ರೋ ಈ ಮಳಿಗೆಯ ದೊಡ್ಡ ಪ್ಲಸ್ ಪಾಯಿಂಟ್. ನಾಗಸಂದ್ರ ನಿಲ್ದಾಣಕ್ಕೆ ಹೊಂದಿಕೊಂಡೇ ಅಂಗಡಿ ಇದೆ, ಮಗುವನ್ನು ಎತ್ತಿಕೊಂಡು ತುಮಕೂರು ರಸ್ತೆ ದಾಟುವ ಗೋಜಿಲ್ಲ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಹದಿಮೂರನೇ ನಿಲ್ದಾಣ. ನೇರಳೆ ಮಾರ್ಗದಿಂದ ಬರುವವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸುವಾಗ ಎಸ್ಕಲೇಟರ್ ಬಿಟ್ಟು ಲಿಫ್ಟ್ ಹುಡುಕಿಕೊಳ್ಳಿ. ತಳ್ಳುಗಾಡಿ ಇದ್ದರೆ ಇದು ಸಲಹೆಯಲ್ಲ, ನಿಯಮ ಎಂದೇ ತಿಳಿಯಿರಿ. ಎಸ್ಕಲೇಟರ್ ಮೇಲೆ ತಳ್ಳುಗಾಡಿಯ ಮುಂದಿನ ಚಕ್ರ ಮೆಟ್ಟಿಲಿನ ತುದಿಯಲ್ಲಿ ಸಿಕ್ಕಿಕೊಂಡರೆ ಗಾಡಿ ಹಿಂದಕ್ಕೆ ವಾಲುತ್ತದೆ. ಮಗುವಿನ ಕಾಲಿನ ಮೆತ್ತನೆ ರಬ್ಬರ್ ಚಪ್ಪಲಿಯೂ ಅಷ್ಟೇ ಅಪಾಯ. ಎಸ್ಕಲೇಟರಿನ ಪಕ್ಕದ ಸಂದಿಗೆ ಉಜ್ಜಿದರೆ ರಬ್ಬರ್ ಜಾರುವ ಬದಲು ಹಿಡಿದುಕೊಳ್ಳುತ್ತದೆ, ಹಿಡಿದದ್ದನ್ನು ಯಂತ್ರ ಒಳಗೆ ಎಳೆಯುತ್ತದೆ. ಆ ದಿನ ಶೂ ಹಾಕಿಸಿ, ಲೇಸ್ ಇಲ್ಲದ, ವೆಲ್ಕ್ರೋ ಪಟ್ಟಿಯದು.

ಹಸಿರು ಮಾರ್ಗ 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮುಂದುವರಿದಿದೆ. ಮೊದಲು ರೈಲು ನಾಗಸಂದ್ರದಿಂದಲೇ ಹೊರಡುತ್ತಿದ್ದುದರಿಂದ ವಾಪಸು ಬರುವಾಗ ಖಾಲಿ ಸೀಟು ಸಿಗುತ್ತಿತ್ತು. ಈಗ ಮೂರು ನಿಲ್ದಾಣ ಹಿಂದಿನಿಂದ ಹೊರಟು ಬರುತ್ತದೆ. ಮಾಮೂಲಿ ದಿನಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ದೊಡ್ಡ ಮೇಳ ನಡೆಯುವ ದಿನ ಸಂಜೆ ಮಾತ್ರ ರೈಲು ತುಂಬಿಕೊಂಡೇ ಬರುತ್ತದೆ. ಹೊರಡುವ ಮುಂಚೆ ಅಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಾರಿನಲ್ಲಿ ಬರುವವರು ಮನೆಯಲ್ಲೇ ಒಂದು ಲೆಕ್ಕ ಹಾಕಬೇಕು. ಮಗುವಿನ ಕಾರ್ ಸೀಟು ಹಿಂದಿನ ಸೀಟಿನಲ್ಲಿ ಕೂತಿದ್ದರೆ ಆ ಬದಿಯ ಸೀಟನ್ನು ಮಡಚಲಾಗುವುದಿಲ್ಲ. ಹಾಗಾದರೆ ಡಿಕ್ಕಿಯಿಂದ ಮುಂದಿನ ಸೀಟಿನ ಬೆನ್ನಿನವರೆಗೆ ಉಳಿದ ಬದಿಯಲ್ಲಿ ಎಷ್ಟು ಉದ್ದ ಸಿಗುತ್ತದೆ ಎಂದು ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಪ್ರತಿ ಸಾಮಾನಿನ ಪೆಟ್ಟಿಗೆಯ ಉದ್ದ, ಅಗಲ, ತೂಕ ಐಕಿಯಾ ಜಾಲತಾಣದಲ್ಲಿ ಇರುತ್ತದೆ. ತೊಟ್ಟಿಲಮಂಚದ ಪೆಟ್ಟಿಗೆ ನಾಲ್ಕು ಅಡಿ ದಾಟುತ್ತದೆ. ಅದನ್ನು ಮಗುವಿನ ತಲೆಯ ಪಕ್ಕ ಓರೆಯಾಗಿ ತುರುಕಿ ತರುವುದು ಬೇಡವೇ ಬೇಡ, ಬ್ರೇಕ್ ಹಾಕಿದರೆ ಪೆಟ್ಟಿಗೆ ಮುಂದಕ್ಕೆ ನುಗ್ಗುತ್ತದೆ. ಡೆಲಿವರಿಗೆ ಹಾಕಿಬಿಡಿ. ಸ್ಕೂಟರಿನಲ್ಲಿ ಬರುವವರಂತೂ ಮಗುವನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಹೇರಿಕೊಳ್ಳಬಾರದು. 2023ರ ಫೆಬ್ರವರಿಯಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಸುರಕ್ಷತಾ ಪಟ್ಟಿ ಕಡ್ಡಾಯ, ವೇಗ ಗಂಟೆಗೆ 40 ಕಿಲೋಮೀಟರ್ ಮೀರುವಂತಿಲ್ಲ.

ಹೊತ್ತಿನ ವಿಷಯ. ವಾರದ ನಡುವೆ, ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ತಲುಪುವುದು ಎಲ್ಲಕ್ಕಿಂತ ಒಳ್ಳೆಯದು. ಆಗ ಮಗುವಿಗೆ ತಿಂಡಿ ಆಗಿರುತ್ತದೆ, ಮಧ್ಯಾಹ್ನದ ನಿದ್ದೆಗೆ ಇನ್ನೂ ಎರಡು ಮೂರು ಗಂಟೆ ಇರುತ್ತದೆ, ಲಿಫ್ಟಿನ ಮುಂದೆ ಸಾಲು ಇರುವುದಿಲ್ಲ. ಶನಿವಾರ, ಭಾನುವಾರ ಸಂಜೆ ಮಾತ್ರ ಬೇಡ. ಜನ ದಟ್ಟವಾದಾಗ ದೊಡ್ಡವರ ಸೊಂಟದ ಎತ್ತರದಲ್ಲಿ ಏನಿದೆ ಎಂಬುದು ಯಾರಿಗೂ ಕಾಣುವುದಿಲ್ಲ, ನಿಮ್ಮ ಮಗು ಇರುವುದು ಅದಕ್ಕಿಂತ ಕೆಳಗೆ. ಒಳಗೆ ಕಾಲಿಟ್ಟಾಗಿನಿಂದ ಎರಡು ಗಂಟೆ ಎಂದು ಗಟ್ಟಿ ಮಾಡಿಕೊಳ್ಳಿ. ಮೊದಲ ಮುಕ್ಕಾಲು ಗಂಟೆ ಮಗು ಹೊಸ ಜಾಗದ ಖುಷಿಯಲ್ಲಿ ನಡೆಯುತ್ತದೆ, ಆಮೇಲೆ ಅರ್ಧ ಗಂಟೆ ಟ್ರಾಲಿಯಲ್ಲಿ ಕೂರುತ್ತದೆ, ಊಟಕ್ಕೆ ಅರ್ಧ ಗಂಟೆ, ಬಿಲ್ಲಿಗೆ ಉಳಿದದ್ದು. ಇದಕ್ಕಿಂತ ಎಳೆದರೆ ಅಳು ಶುರುವಾಗುತ್ತದೆ. ತಪ್ಪು ಮಗುವಿನದಲ್ಲ: ಉರಿಯುವ ದೀಪ, ಗಿಜಿಗಿಜಿ ಸದ್ದು, ಮುಟ್ಟಬೇಡ ಎಂಬ ಮಾತು, ಮೂರೂ ಒಟ್ಟಿಗೆ ಅಷ್ಟು ಹೊತ್ತು ಯಾವ ಎರಡು ವರ್ಷದ ಮಗುವಿಗೂ ಆಗದು.

ಮನೆಯಿಂದ ತರಬೇಕಾದ ಚೀಲ ಚಿಕ್ಕದಿರಲಿ. ಎರಡು ಡೈಪರ್, ಒದ್ದೆ ಟಿಶ್ಯೂ, ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಪೂರ್ತಿ ಊಟಕ್ಕೆ ಬದಲು ಕೈಯಲ್ಲಿ ಹಿಡಿದು ತಿನ್ನುವ ಏನಾದರೂ, ಮಡಚಿದ ಬಾಳೆಹಣ್ಣಿನ ದೋಸೆಯೋ ಬೇಯಿಸಿದ ಕ್ಯಾರೆಟ್ಟೋ. ಅಳತೆ ಟೇಪು ಮರೆಯಬೇಡಿ. ಮಗುವಿನ ಅಂಗಿಯ ಒಳಭಾಗದಲ್ಲಿ ನಿಮ್ಮ ಫೋನ್ ನಂಬರನ್ನು ಬಾಲ್‌ಪೆನ್ನಿನಲ್ಲಿ ಬರೆಯಿರಿ, ಮೇಲೆ ಅಂಟಿಸಿದ ಸ್ಟಿಕ್ಕರನ್ನು ಮಗು ಐದು ನಿಮಿಷದಲ್ಲಿ ಕಿತ್ತು ಹಾಕುತ್ತದೆ.

ಬಾಗಿಲ ಬಳಿ ಸ್ಮೋಲಂಡ್ ಎಂಬ ಆಟದ ಜಾಗ ಇದೆ. ಮಗುವನ್ನು ಅಲ್ಲಿ ಬಿಟ್ಟು ನಿಶ್ಚಿಂತೆಯಿಂದ ಅಂಗಡಿ ಸುತ್ತಬಹುದು ಎಂದುಕೊಂಡೇ ಅನೇಕರು ಹೊರಡುತ್ತಾರೆ. ಪುಟ್ಟ ಮಕ್ಕಳಿಗೆ ಅದು ಆಗುವುದಿಲ್ಲ. ಅಲ್ಲಿ ಎತ್ತರ ಅಳೆದು ಒಳಗೆ ಬಿಡುತ್ತಾರೆ, ಮಗು ಡೈಪರ್ ಬಿಟ್ಟು ಶೌಚಾಲಯ ಬಳಸಲು ಕಲಿತಿರಬೇಕು, ನಿಗದಿತ ಸಮಯ ಮಾತ್ರ, ಅಪ್ಪ ಅಮ್ಮ ಅಂಗಡಿಯೊಳಗೇ ಇರಬೇಕು. ನಿಯಮ ಸರಿಯಾದದ್ದೇ. ಐದು ವರ್ಷದ ಮಕ್ಕಳು ಓಡಿ ಹಾರುವ ಜಾಗದಲ್ಲಿ ಒಂದೂವರೆ ವರ್ಷದ ಮಗು ಕೆಳಗೆ ಸಿಕ್ಕಿಕೊಳ್ಳುತ್ತದೆ. ಆದರೆ ಇಷ್ಟು ದೊಡ್ಡ ಕಟ್ಟಡದಲ್ಲಿ ಮೂರು ವರ್ಷದೊಳಗಿನವರಿಗೆ ಅಪ್ಪ ಅಮ್ಮನ ಜೊತೆಯಲ್ಲೇ ಕೂತು ಆಡುವಂಥ, ಬೇಲಿ ಹಾಕಿದ ಮೆತ್ತನೆ ನೆಲದ ಒಂದು ಮೂಲೆ ಇದ್ದಿದ್ದರೆ ಎಷ್ಟೋ ಸುಖವಾಗುತ್ತಿತ್ತು. ಅಣ್ಣನೋ ಅಕ್ಕನೋ ಒಳಗೆ ಹೋಗಿ ತಂಗಿಗೆ ಮಾತ್ರ ಪ್ರವೇಶವಿಲ್ಲ ಎಂದಾದರೆ ಬಾಗಿಲಲ್ಲೇ ರಂಪವಾಗುತ್ತದೆ. ಹಾಗಾಗಿ ಅವಳು ಟ್ರಾಲಿ ಹತ್ತಿ ಮುಂದೆ ಹೋದ ಮೇಲೆ ದೊಡ್ಡವನನ್ನು ಬಿಡುವುದು ಲೇಸು.

ಟ್ರಾಲಿಯಲ್ಲಿ ಎರಡು ಬಗೆ. ಹಿಡಿಕೆಯ ಬಳಿ ಮಡಚುವ ಸೀಟು ಇರುವುದು ಮಗುವಿಗೆ. ಅದರಲ್ಲಿ ಮಗುವಿನ ಮುಖ ನಿಮ್ಮ ಕಡೆ ಇರುತ್ತದೆ, ಪಟ್ಟಿ ಇದ್ದರೆ ಸೊಂಟಕ್ಕೆ ಬಿಗಿಯಿರಿ, ಇಲ್ಲವಾದರೆ ಅದು ಇರುವ ಬೇರೆ ಟ್ರಾಲಿ ತೆಗೆದುಕೊಳ್ಳಿ. ಟ್ರಾಲಿಯ ಬುಟ್ಟಿಯೊಳಗೆ ಮಗುವನ್ನು ನಿಲ್ಲಿಸುವುದು ಎಲ್ಲರೂ ಮಾಡುವ ಕೆಲಸ, ಆದರೆ ನಿಂತ ಮಗುವಿನ ಭಾರ ಬುಟ್ಟಿಯ ಅಂಚಿಗಿಂತ ಮೇಲೆ ಬರುತ್ತದೆ, ತಿರುವಿನಲ್ಲಿ ತಲೆಕೆಳಗಾಗಿ ಬೀಳುವುದು ಹೀಗೆಯೇ. ಇನ್ನೊಂದು, ಗೋದಾಮಿನಲ್ಲಿ ಪೆಟ್ಟಿಗೆ ಸಾಗಿಸುವ ಚಪ್ಪಟೆ ಗಾಡಿ. ಅದರ ಮೇಲೆ ಮಗುವನ್ನು ಕೂರಿಸಲೇಬಾರದು. ಪಕ್ಕದಲ್ಲಿ ಹಿಡಿಯಲು ಏನೂ ಇಲ್ಲ, 30 ಕಿಲೋ ಪೆಟ್ಟಿಗೆ ಜಾರಿದರೆ ಬೆರಳು ಅದರ ಕೆಳಗೆ.

ಇನ್ನು ಶೋರೂಮ್. ಒಳಗೆ ಹೋದ ಕೂಡಲೇ ನಕ್ಷೆಯ ಮುಂದೆ ನಿಂತು ಮಕ್ಕಳ ವಿಭಾಗ ಎಲ್ಲಿದೆ, ಅಲ್ಲಿಗೆ ಅಡ್ಡದಾರಿ ಯಾವುದು ಎಂದು ನೋಡಿ. ಬಾಣದ ದಾರಿಯ ನಡುನಡುವೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಹಾರುವ ಕಿರುದಾರಿಗಳಿವೆ, ಅವುಗಳ ಮೇಲೆ ಫಲಕವೂ ಇರುತ್ತದೆ. ಅದನ್ನು ಹಿಡಿದು ನೇರ ಮಕ್ಕಳ ವಿಭಾಗಕ್ಕೆ ಹೋಗಿ. ಮಗುವಿನ ಒಳ್ಳೆಯ ಮುಕ್ಕಾಲು ಗಂಟೆ ಅಲ್ಲೇ ಖರ್ಚಾಗಬೇಕು, ಸೋಫಾಗಳ ನಡುವೆ ಅಲ್ಲ. ಇಬ್ಬರು ದೊಡ್ಡವರಿದ್ದರೆ ಒಬ್ಬರು ಮಗುವಿನ ಹಿಂದೆ, ಇನ್ನೊಬ್ಬರು ಚೀಟಿ ಮತ್ತು ಟೇಪಿನ ಹಿಂದೆ. ಇಬ್ಬರೂ ಸಾಮಾನು ನೋಡುತ್ತ ನಿಂತ ಕ್ಷಣವೇ ಮಗು ಕಾಣೆಯಾಗುವುದು. ತಾತ, ಅಜ್ಜಿ ಬಂದಿದ್ದರೆ ಅವರಿಗೆ ಮೊದಲೇ ರೆಸ್ಟೋರೆಂಟಿನಲ್ಲಿ ಜಾಗ ತೋರಿಸಿ ಕೂರಿಸಿ, ಅಷ್ಟು ನಡಿಗೆ ಅವರ ಮೊಣಕಾಲಿಗೂ ಆಗದು.

ಮಾದರಿ ಕೋಣೆಗಳಲ್ಲಿ ಮಗು ಮುಟ್ಟಬಹುದಾದದ್ದು ಬಹಳ. ಹಾಸಿಗೆ ಹತ್ತಲಿ, ಕುರ್ಚಿ ಎಳೆಯಲಿ, ಅದಕ್ಕೆಂದೇ ಇಟ್ಟಿದ್ದಾರೆ. ಗಮನ ಇರಬೇಕಾದ್ದು ನಾಲ್ಕೈದು ಕಡೆ. ಡ್ರಾಯರು: ಒಂದು ಮಗು ಎಳೆದದ್ದನ್ನು ಇನ್ನೊಂದು ತಳ್ಳುತ್ತದೆ, ಬೆರಳು ನಡುವೆ. ನಿಲುಗನ್ನಡಿ. ಮೇಜಿನ ದೀಪದ ವೈರು. ಅಟ್ಟದ ಮಂಚದ ಏಣಿ: ಎತ್ತರದ ಮಂಚಗಳು ಆರು ವರ್ಷ ತುಂಬದ ಮಕ್ಕಳಿಗಲ್ಲ ಎಂದು ಅವುಗಳ ಮೇಲೆಯೇ ಬರೆದಿರುತ್ತದೆ, ಆದರೆ ಎರಡು ವರ್ಷದ ಮಗು ಏಣಿಯನ್ನು ನಿಮಗಿಂತ ಬೇಗ ಹತ್ತುತ್ತದೆ, ಇಳಿಯಲು ಬರುವುದಿಲ್ಲ. ಮತ್ತೊಂದು, ಪಾಟಿ ರೂಢಿ ಮಾಡಿಸುತ್ತಿರುವ ಮನೆಯವರಿಗೆ: ಬಾತ್‌ರೂಮ್ ವಿಭಾಗದಲ್ಲಿ ಇಟ್ಟಿರುವ ಕಮೋಡ್ ಪ್ರದರ್ಶನಕ್ಕೆ ಮಾತ್ರ, ಕೆಳಗೆ ಪೈಪಿಲ್ಲ, ನೀರಿಲ್ಲ. ನೀವು ಮನೆಯಲ್ಲಿ ವಾರಗಟ್ಟಲೆ ಹೇಳಿಕೊಟ್ಟದ್ದನ್ನು ಮಗು ಅಲ್ಲಿ ಶ್ರದ್ಧೆಯಿಂದ ಮಾಡಿಬಿಡುತ್ತದೆ. ಆ ವಿಭಾಗಕ್ಕೆ ಹೋಗುವ ಮುಂಚೆ ನಿಜವಾದ ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಬನ್ನಿ. ಹಾಗೂ ಆಗಿಬಿಟ್ಟರೆ ಮಗುವನ್ನು ಗದರದೆ ಸಿಬ್ಬಂದಿಗೆ ಹೇಳಿ.

ಮಗು ಕಾಣದಿದ್ದರೆ ಇಬ್ಬರೂ ಓಡಬೇಡಿ. ಒಬ್ಬರು ಕೊನೆಗೆ ಕಂಡ ಜಾಗದಲ್ಲೇ ನಿಲ್ಲಿ, ಇನ್ನೊಬ್ಬರು ಹತ್ತಿರದ ಸಿಬ್ಬಂದಿಯನ್ನು ಹಿಡಿದು ಬಟ್ಟೆಯ ಬಣ್ಣ ಹೇಳಿ. ಅವರು ತಮ್ಮವರಿಗೆಲ್ಲ ತಿಳಿಸಿ ಹೊರಬಾಗಿಲ ಕಡೆ ಕಣ್ಣಿಡುತ್ತಾರೆ. ನೀವು ಮೊದಲು ನೋಡಬೇಕಾದ್ದು ದಾರಿಯನ್ನಲ್ಲ, ವಾರ್ಡ್‌ರೋಬಿನ ಒಳಗೆ, ಮಂಚದ ಕೆಳಗೆ, ಪರದೆಯ ಹಿಂದೆ, ಮಕ್ಕಳ ಡೇರೆಯೊಳಗೆ. ಈ ವಯಸ್ಸಿನವರು ದೂರ ಹೋಗುವುದಕ್ಕಿಂತ ಹತ್ತಿರವೇ ಅಡಗುವುದು ಹೆಚ್ಚು.

ಮಕ್ಕಳ ವಿಭಾಗದಲ್ಲಿ ಕುರ್ಚಿ, ಮೇಜಿನಿಂದ ಶುರುಮಾಡಿ. ಮಗುವನ್ನು ಕೂರಿಸಿ ಬೆನ್ನು ಒರಗುವಂತೆ ಹಿಂದಕ್ಕೆ ಸರಿಸಿ. ಪಾದ ಎರಡೂ ನೆಲಕ್ಕೆ ಪೂರ್ತಿ ತಾಗಬೇಕು, ಮೊಣಕಾಲು ಲಂಬವಾಗಿ ಮಡಚಬೇಕು, ಮೊಣಕಾಲಿನ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳು ಹಿಡಿಸಬೇಕು. ಕಾಲು ಜೋತಾಡಿದರೆ ಮಗು ಮುಂದಕ್ಕೆ ಜಾರಿ ಸೀಟಿನ ತುದಿಯಲ್ಲಿ ಕೂರುತ್ತದೆ, ಹಗುರವಾದ ಮರದ ಕುರ್ಚಿ ಆಗ ಹಿಂಬದಿಯಿಂದ ಏಳುತ್ತದೆ. ಮೇಜಿನ ಮೇಲೆ ಕೈಯಿಟ್ಟಾಗ ಹೆಗಲು ಮೇಲಕ್ಕೆ ಎದ್ದರೆ ಮೇಜು ಎತ್ತರವಾಯಿತು. ಲ್ಯಾಟ್ ಎಂಬ ಹೆಸರಿನ ಮರದ ಮೇಜು ಕುರ್ಚಿಯ ಜೋಡಿ ಅಗ್ಗ, ಹಗುರ, ಮಗುವೇ ಎಳೆದುಕೊಳ್ಳುತ್ತದೆ. ಮಾಮುಟ್ ಎಂಬುದು ಪ್ಲಾಸ್ಟಿಕ್ಕಿನದು, ಅಗಲ ಕಾಲಿನದು, ಸುಲಭವಾಗಿ ಮಗುಚುವುದಿಲ್ಲ, ತೊಳೆಯಬಹುದು, ಆದರೆ ಸೀಟು ಎತ್ತರ. ಒಂದೂವರೆ ವರ್ಷದ ಮಗುವಿಗೆ ಕಾಲು ತಾಗುವುದು ಕಷ್ಟ. ನಮ್ಮ ಮನೆಗಳ ನುಣುಪು ವಿಟ್ರಿಫೈಡ್ ಟೈಲ್ಸ್ ಮೇಲೆ ಹಗುರದ ಕುರ್ಚಿ ಜಾರುತ್ತದೆ. ಕಾಲುಗಳ ತಳಕ್ಕೆ ಫೆಲ್ಟ್ ಎಂಬ ಮೆತ್ತನೆ ಬಟ್ಟೆಯ ತುಂಡು ಅಂಟಿಸಿದರೆ ಇನ್ನೂ ಜಾರುತ್ತದೆ, ರಬ್ಬರಿನ ತುಂಡು ಅಂಟಿಸಬೇಕು.

ತೊಟ್ಟಿಲಮಂಚ ನೋಡುವವರು ತಳದ ಹಲಗೆಯನ್ನು ಎಷ್ಟು ಎತ್ತರಕ್ಕೆ ಕೂರಿಸಬಹುದು ಎಂದು ನೋಡಿ. ಐಕಿಯಾದ ಸ್ನಿಗ್ಲಾರ್ ಮಾದರಿಯ ತರಹದವುಗಳಲ್ಲಿ ಎರಡು ಎತ್ತರ ಇವೆ, ಮಗು ದೊಡ್ಡದಾದ ಮೇಲೆ ಒಂದು ಬದಿಯ ಕಟಕಟೆ ಕಳಚಬಹುದು. ಮಗು ತಾನಾಗಿ ಎದ್ದು ಕೂರತೊಡಗಿದ ದಿನವೇ ತಳವನ್ನು ಕೆಳಗಿಳಿಸಬೇಕು. ಹಾಸಿಗೆಯಲ್ಲಿ ಎಡವುವವರು ಬಹಳ. ಐಕಿಯಾದ ತೊಟ್ಟಿಲಮಂಚದ ಒಳ ಅಳತೆ 60 × 120 ಸೆಂಟಿಮೀಟರ್, ನಮ್ಮ ಹಾಸಿಗೆ ಅಂಗಡಿಗಳಲ್ಲಿ ಸಿಗುವುದು 24 × 48 ಇಂಚು, ಅಂದರೆ ಸುಮಾರು 61 × 122. ಮೆತ್ತನೆ ಫೋಮ್ ಆದರೆ ಒತ್ತಿ ತುರುಕಬಹುದು, ಆಗ ನಡು ಉಬ್ಬುತ್ತದೆ. ತೆಂಗಿನ ನಾರಿನ ಗಟ್ಟಿ ಹಾಸಿಗೆ ಕೂರುವುದೇ ಇಲ್ಲ. ಚಿಕ್ಕದು ತಂದರೆ ಇನ್ನೂ ಕೆಟ್ಟದು: ಹಾಸಿಗೆಗೂ ಕಟಕಟೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಲೇಬಾರದು, ಮಗುವಿನ ಮುಖ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ದಪ್ಪ ಹಾಸಿಗೆ ಸುಖ ಎಂದುಕೊಳ್ಳಬೇಡಿ, ಹಾಸಿಗೆ ಎಷ್ಟು ದಪ್ಪವೋ ಕಟಕಟೆ ಅಷ್ಟು ಕುಳ್ಳ. ಮಂಚದ ಕೈಪಿಡಿಯಲ್ಲಿ ಬರೆದ ದಪ್ಪವನ್ನು ಮೀರಬೇಡಿ.

ಆಟದ ಸಾಮಾನು ಬುಟ್ಟಿಗಟ್ಟಲೆ ಮಗುವಿನ ಕೈಗೆ ಎಟುಕುವಂತೆ ಇಟ್ಟಿದ್ದಾರೆ. ಎಲ್ಲವೂ ಎಲ್ಲ ವಯಸ್ಸಿಗಲ್ಲ. ಮೂರು ವರ್ಷದೊಳಗಿನವರಿಗಲ್ಲ ಎಂಬ ಗುರುತು ಚೀಟಿಯಲ್ಲಿ ಇದೆಯೇ ಎಂದು ನೋಡಿ. ಮೆತ್ತನೆ ಗೊಂಬೆಯಾದರೆ ಕಣ್ಣನ್ನು ದಾರದಲ್ಲಿ ಹೊಲಿದಿದ್ದಾರೋ ಗುಂಡಿ ಕೂರಿಸಿದ್ದಾರೋ ಎಂದು ಬೆರಳಲ್ಲಿ ತಡವಿ ನೋಡಿ, ಹೊಲಿದದ್ದೇ ಒಳ್ಳೆಯದು. 2021ರ ಜನವರಿಯಿಂದ ನಮ್ಮ ದೇಶದಲ್ಲಿ 14 ವರ್ಷದವರೆಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಇಲ್ಲಿ ಮಾತ್ರವಲ್ಲ, ಎಲ್ಲೇ ಕೊಂಡರೂ ಅದನ್ನು ಹುಡುಕಿ.

ರೆಸ್ಟೋರೆಂಟು ದೊಡ್ಡದು, ಸಾವಿರ ಜನ ಕೂರುವಷ್ಟು. ಚಿಕನ್ ಉಂಡೆ, ತರಕಾರಿ ಉಂಡೆ, ಹಿಸುಕಿದ ಆಲೂಗಡ್ಡೆ, ನಮ್ಮ ಕಡೆಯ ಅಡುಗೆಯೂ ಒಂದಷ್ಟು. ಪುಟ್ಟ ಮಗುವಿಗೆ ಹಿಸುಕಿದ ಆಲೂಗಡ್ಡೆ ಸರಿಹೋಗುತ್ತದೆ. ಉಂಡೆಯನ್ನು ಇಡಿಯಾಗಿ ತಟ್ಟೆಗೆ ಹಾಕಬೇಡಿ. ಮೆತ್ತಗಿದ್ದು ದುಂಡಗಿರುವ ಆಹಾರ ಮಗುವಿನ ಶ್ವಾಸನಾಳಕ್ಕೆ ಬಿರಡೆಯಂತೆ ಕೂರುತ್ತದೆ, ಪ್ರತಿ ಉಂಡೆಯನ್ನು ನಾಲ್ಕು ಮಾಡಿ, ಆಮೇಲೆ ಇನ್ನೊಮ್ಮೆ ಅಡ್ಡ ಕತ್ತರಿಸಿ. ತಟ್ಟೆ ಸಾಗಿಸಲು ಹಲವು ಅಂತಸ್ತಿನ ಗಾಡಿ ಸಿಗುತ್ತದೆ, ಅದನ್ನೇ ಬಳಸಿ. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಬಿಸಿ ಸಾಸಿನ ಟ್ರೇ ಬೇಡ. ಹನ್ನೆರಡೂವರೆಗೆ ಮೊದಲೇ ಕೂತರೆ ಸಾಲು ಚಿಕ್ಕದಿರುತ್ತದೆ.

ಅಲ್ಲಿ ಮಕ್ಕಳನ್ನು ಕೂರಿಸುವ ಬಿಳಿ ಎತ್ತರದ ಕುರ್ಚಿ ಆಂಟಿಲೋಪ್. ಮಾರಾಟಕ್ಕೂ ಇರುವುದು ಇದೇ. ಆದ್ದರಿಂದ ಊಟದ ಅರ್ಧ ಗಂಟೆ ಕೊಳ್ಳುವ ಮುಂಚಿನ ಪರೀಕ್ಷೆಯೂ ಹೌದು. ಕೈಗೆಟುಕುವ ಬೆಲೆಯಲ್ಲಿ ಇಷ್ಟು ಕೆಲಸಕ್ಕೆ ಬರುವ ಮಕ್ಕಳ ಕುರ್ಚಿ ಬೇರೆ ಸಿಗುವುದು ಕಷ್ಟ ಎಂಬುದು ನಮ್ಮ ಅಭಿಪ್ರಾಯ. ಸಂದುಗೊಂದು ಕಡಿಮೆ, ಮುದ್ದೆ, ಸಾರು ಚೆಲ್ಲಿದರೂ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು. ನಾಲ್ಕು ಕಾಲುಗಳನ್ನು ಕಳಚಿ ಊರಿಗೂ ಒಯ್ಯಬಹುದು. 15 ಕಿಲೋ ತೂಕದವರೆಗೆ. ಕೊರತೆ ಎರಡು. ಪಾದ ಇಡಲು ಹಲಗೆ ಇಲ್ಲ, ಕಾಲು ಜೋತಾಡುವ ಮಗು ಬೇಗ ಕೊಸರಾಡುತ್ತದೆ. ಟ್ರೇಯನ್ನು ಬೇರೆಯಾಗಿ ಕೊಳ್ಳಬೇಕಾಗಬಹುದು, ಬಿಲ್ಲಿನಲ್ಲಿ ನೋಡಿಕೊಳ್ಳಿ, ಕೂರಿಸಿದ ಮೇಲೆ ಕಳಚಲು ಹೆಬ್ಬೆರಳಿಗೆ ಒಳ್ಳೆ ಬಲ ಬೇಕು. ಕಾಲುಗಳು ಹೊರಕ್ಕೆ ಚಾಚಿರುವುದರಿಂದ ಕುರ್ಚಿ ಸುಲಭವಾಗಿ ಮಗುಚುವುದಿಲ್ಲ, ಆದರೆ ಓಡಾಡುವವರು ಎಡವುತ್ತಾರೆ. ರೆಸ್ಟೋರೆಂಟಿನಲ್ಲಿ ಓಣಿಯ ಬದಿಗೆ ಇಡದೆ ಗೋಡೆಯ ಬದಿಗೆ ಇಡಿ. ಮಗುವಿನ ಪಾದ ಮೇಜಿನ ಅಂಚಿಗೆ ಸಿಗದಷ್ಟು ದೂರ ಇರಲಿ, ಸಿಕ್ಕರೆ ಒದ್ದು ಕುರ್ಚಿಯನ್ನೇ ಹಿಂದಕ್ಕೆ ತಳ್ಳುತ್ತದೆ. ಪಟ್ಟಿ ಬಿಗಿಯುವುದು ಕಡ್ಡಾಯ, ಇಲ್ಲದಿದ್ದರೆ ಟ್ರೇ ಇಲ್ಲದ ಕುರ್ಚಿಯಲ್ಲಿ ಮಗು ಕೆಳಗಿನಿಂದ ಜಾರಿ ಹೋಗುತ್ತದೆ.

ಊಟದ ನಂತರ ಮಾರ್ಕೆಟ್ ವಿಭಾಗ. ಮಗುವಿನ ಜೊತೆ ಇದೇ ಕಷ್ಟದ ಹಾದಿ. ಗಾಜಿನ ಲೋಟ, ಪಿಂಗಾಣಿ, ಮೇಣದಬತ್ತಿಯ ಬಟ್ಟಲು ಎಲ್ಲ ಮೊಣಕಾಲೆತ್ತರದಿಂದಲೇ ಜೋಡಿಸಿದ್ದಾರೆ, ಅಂದರೆ ಮಗುವಿನ ಕೈಗೆ ನೇರವಾಗಿ. ಇಲ್ಲಿ ಮಗು ನಡೆಯಬಾರದು, ಟ್ರಾಲಿಯ ಸೀಟಿನಲ್ಲೇ ಇರಬೇಕು, ಟ್ರಾಲಿ ಓಣಿಯ ನಡುವೆ ಇರಬೇಕು. ಗಿಡಗಳ ಬಳಿ ಎಲೆ ಕಿತ್ತು ಬಾಯಿಗೆ ಹಾಕದಂತೆ ನೋಡಿ, ಮನಿ ಪ್ಲಾಂಟ್ ಜಾತಿಯ ಎಲೆಗಳಲ್ಲಿರುವ ಸೂಜಿಯಂಥ ಹರಳುಗಳು ನಾಲಿಗೆ, ತುಟಿ ಉರಿಸುತ್ತವೆ. ಗೋದಾಮಿನಲ್ಲಿ ಇಬ್ಬರೂ ಅಲೆಯುವ ಅಗತ್ಯವಿಲ್ಲ. ಶೋರೂಮಿನ ಚೀಟಿಯಲ್ಲಿರುವ ಸಾಲು ಮತ್ತು ಅಂಕಣದ ಸಂಖ್ಯೆಯನ್ನು ಫೋಟೋ ತೆಗೆದುಕೊಂಡಿದ್ದರೆ ಒಬ್ಬರೇ ಹೋಗಿ ಎತ್ತಿಕೊಂಡು ಬರಬಹುದು. ಇನ್ನೊಬ್ಬರು ಮಗುವಿನ ಜೊತೆ ಕೌಂಟರ್ ದಾಟಿದ ಮೇಲೆ ಕಾಯಲಿ, ಐಸ್‌ಕ್ರೀಮ್ ಸಿಗುವುದು ಆ ಕಡೆಯೇ. ಬಿಲ್ಲಿನ ಸಾಲಿನಲ್ಲಿ ಮಗುವಿಗೆ ಕೊಟ್ಟ ಗೊಂಬೆಯ ಚೀಟಿ ಕಿತ್ತುಹೋಗಿದ್ದರೆ ಸಾಲು ನಿಲ್ಲುತ್ತದೆ, ಆದ್ದರಿಂದ ಚೀಟಿಯನ್ನೂ ಫೋಟೋ ತೆಗೆದಿಡಿ.

ಇಲ್ಲಿಂದ ಮುಂದಿನದು ಮನೆಯ ಕೆಲಸ, ಮತ್ತು ಅದೇ ಎಲ್ಲಕ್ಕಿಂತ ಮುಖ್ಯ. ಬಟ್ಟೆಯ ಡ್ರಾಯರ್ ಪೆಟ್ಟಿಗೆಯಾಗಲಿ, ಆಟಿಕೆ ಇಡುವ ಟ್ರೋಫಾಸ್ಟ್ ಚೌಕಟ್ಟಾಗಲಿ, ಪುಸ್ತಕದ ಕಪಾಟಾಗಲಿ ಗೋಡೆಗೆ ಬಿಗಿಯದೆ ಮಗುವಿನ ಕೋಣೆಯಲ್ಲಿ ಇಡಬಾರದು. 2016ರ ಜೂನಿನಲ್ಲಿ ಅಮೆರಿಕದಲ್ಲಿ ಐಕಿಯಾ ಮಾಲ್ಮ್ ಎಂಬ ಮಾದರಿ ಸೇರಿದಂತೆ 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ವಾಪಸು ಕರೆಯಬೇಕಾಯಿತು. ಗೋಡೆಗೆ ಬಿಗಿಯದ ಪೆಟ್ಟಿಗೆಗಳು ಮೇಲೆ ಬಿದ್ದು ಪುಟ್ಟ ಮಕ್ಕಳು ಸತ್ತಿದ್ದರು. ಮಗು ಕೆಳಗಿನ ಡ್ರಾಯರುಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತದೆ. ತೆರೆದ ಡ್ರಾಯರುಗಳ ಭಾರ, ಮಗುವಿನ ಭಾರ ಎರಡೂ ಮುಂಗಾಲಿನಿಂದ ಆಚೆಗೆ ಬರುತ್ತವೆ, ಪೆಟ್ಟಿಗೆ ಮುಂದಕ್ಕೆ ಮಗುಚುತ್ತದೆ. ಇದು ಒಂದು ಕಂಪನಿಯ ಸಾಮಾನಿನ ಮಾತಲ್ಲ, ನಮ್ಮ ಬಡಗಿ ಮಾಡಿಕೊಟ್ಟ ಕಪಾಟಿಗೂ ಇದೇ ಲೆಕ್ಕ.

ಬಿಗಿಯುವ ಪಟ್ಟಿಯೋ ಮೂಲೆಕಟ್ಟೋ (ಪೆಟ್ಟಿಗೆಯನ್ನು ಗೋಡೆಗೆ ಸೇರಿಸುವ ಮೂಲೆಯಾಕಾರದ ಬ್ರಾಕೆಟ್) ಪೆಟ್ಟಿಗೆಯಲ್ಲೇ ಬರುತ್ತದೆ. ಗೋಡೆಗೆ ಹಾಕುವ ಸ್ಕ್ರೂ ಮತ್ತು ಅದನ್ನು ತೂತಿನೊಳಗೆ ಹಿಡಿದಿಡುವ ಪ್ಲಗ್ ಬರುವುದಿಲ್ಲ, ಗೋಡೆ ಯಾವುದೆಂದು ಅವರಿಗೆ ಗೊತ್ತಿರುವುದಿಲ್ಲವಾದ್ದರಿಂದ. ಅನೇಕ ಮನೆಗಳಲ್ಲಿ ಕೆಲಸ ನಿಲ್ಲುವುದು ಇಲ್ಲೇ: ಪಟ್ಟಿ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಇಟ್ಟಿಗೆ ಅಥವಾ ಘನ ಕಾಂಕ್ರೀಟ್ ಬ್ಲಾಕಿನ ಗೋಡೆಯಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ 8 ಮಿಲಿಮೀಟರ್ ನೈಲಾನ್ ಪ್ಲಗ್, 5 ಮಿ.ಮೀ. ದಪ್ಪ 60 ಮಿ.ಮೀ. ಉದ್ದದ ಸ್ಕ್ರೂ ಕೇಳಿ. ಹ್ಯಾಮರ್ ಡ್ರಿಲ್, 8 ಮಿ.ಮೀ. ಬಿಟ್, ತೂತಿನ ಆಳ 55ರಿಂದ 60 ಮಿ.ಮೀ. ಒಳಗಿನ ಪ್ಲಾಸ್ಟರೇ 12ರಿಂದ 15 ಮಿ.ಮೀ. ಇರುತ್ತದೆ. ಗಿಡ್ಡ ಪ್ಲಗ್ ಹಾಕಿದರೆ ಅದು ಪ್ಲಾಸ್ಟರಿನಲ್ಲೇ ಕೂತು ಎಳೆದ ಕೂಡಲೇ ಗಾರೆಯ ಸಮೇತ ಬರುತ್ತದೆ. ತೂತಿನ ಪುಡಿಯನ್ನು ಊದಿ ತೆಗೆದೇ ಪ್ಲಗ್ ಹೊಡೆಯಬೇಕು, ಪುಡಿ ಉಳಿದರೆ ಪ್ಲಗ್ ಹಿಡಿಯುವುದಿಲ್ಲ. ಟೊಳ್ಳು ಬ್ಲಾಕಿಗೆ ಒಳಗೆ ಬಿಚ್ಚಿಕೊಳ್ಳುವ ಬೇರೆ ಬಗೆಯ ಆಂಕರ್ ಬೇಕು. ಜಿಪ್ಸಂ ಪಾರ್ಟಿಷನ್ನಿಗೆ ಭಾರದ ಪೆಟ್ಟಿಗೆಯನ್ನು ಬಿಗಿಯಲೇ ಬೇಡಿ, ಬೇರೆ ಗೋಡೆಗೆ ಸರಿಸಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ಕೊರೆಯಬಾರದು, ವೈರಿನ ಪೈಪು ಹೋಗುವುದು ಆ ಸಾಲಿನಲ್ಲೇ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು ಸ್ಕರ್ಟಿಂಗ್. ಗೋಡೆಯ ಬುಡದ ಟೈಲ್ಸ್ ಪಟ್ಟಿ ಸುಮಾರು ಒಂದು ಸೆಂಟಿಮೀಟರ್ ಮುಂದಕ್ಕೆ ಚಾಚಿರುತ್ತದೆ, ಅದರಿಂದ ಪೆಟ್ಟಿಗೆ ಗೋಡೆಗೆ ಒತ್ತಿಕೊಳ್ಳುವುದಿಲ್ಲ. ಮೂಲೆಕಟ್ಟು ಬಂದಿದ್ದರೆ ಆ ಸಂದಿನಷ್ಟೇ ದಪ್ಪದ ಪ್ಲೈವುಡ್ ತುಂಡನ್ನು ಗೋಡೆಯ ಕಡೆ ಇಟ್ಟು ಅದರ ಮೂಲಕ ಸ್ಕ್ರೂ ಹೊಡೆಯಬೇಕು, ಸ್ಕ್ರೂ ಅಷ್ಟೇ ಉದ್ದ ಹೆಚ್ಚಿರಬೇಕು. ಬಟ್ಟೆಯ ಪಟ್ಟಿ ಬಂದಿದ್ದರೆ ಸಡಿಲ ಉಳಿಯದಂತೆ ಎಳೆದು ಬಿಗಿಯಿರಿ. ಬಾಡಿಗೆ ಮನೆಯವರು ಮಾಲೀಕರನ್ನು ಮೊದಲೇ ಕೇಳಿಕೊಳ್ಳಿ. ಎರಡು ತೂತು, ಮನೆ ಬಿಡುವಾಗ ವಾಲ್ ಪುಟ್ಟಿ ತುಂಬಿ ಬಣ್ಣ ಹಚ್ಚಿದರೆ ಗುರುತು ಉಳಿಯುವುದಿಲ್ಲ, ಹಾಗೆಂದು ಹೇಳಿದರೆ ಒಪ್ಪದವರು ಕಡಿಮೆ. ಬಿಗಿದಾದ ಮೇಲೆ ಎಲ್ಲ ಡ್ರಾಯರುಗಳನ್ನೂ ಪೂರ್ತಿ ತೆರೆದು, ಮೇಲಿನ ಡ್ರಾಯರಿನ ಅಂಚನ್ನು ಎರಡೂ ಕೈಯಲ್ಲಿ ಕೆಳಕ್ಕೆ ಒತ್ತಿ ನೋಡಿ. ಪೆಟ್ಟಿಗೆಯ ಹಿಂಗಾಲು ನೆಲ ಬಿಟ್ಟು ಎದ್ದರೆ ಪಟ್ಟಿಯನ್ನು ಮತ್ತೆ ಬಿಗಿಯಬೇಕು, ಪ್ಲಗ್ ಅಲುಗಾಡಿದರೆ ಅದನ್ನು ಬಿಟ್ಟು ಎರಡು ಇಂಚು ಪಕ್ಕದಲ್ಲಿ ಹೊಸ ತೂತು ಕೊರೆಯಬೇಕು. ಈ ಪರೀಕ್ಷೆ ಮುಗಿಯುವವರೆಗೆ ಮಗುವನ್ನು ಆ ಕೋಣೆಗೆ ಬಿಡಬೇಡಿ.